ಕಾಫಿ ತರುವ ಖಳನ ಊರಿನಲ್ಲಿ

ಕಳೆದ ಮೇ ತಿಂಗಳಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಹತ್ತು ವರ್ಷ. “ಅಜ್ಜಿ, ನಿನಗೆ ಗ್ರೀನ್ ಹಿಲ್ಸ್ ತೋರಿಸ್ತೀನಿ” ಎಂದು ಮೊದಲ ದಿನವೇ ಹೇಳಿದ. ಯಾವುದೋ ಗುಡ್ಡ ಇರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ‘ಸಾನಿಕ್ ದಿ ಹೆಡ್ಜ್‌ಹಾಗ್’ ಸಿನಿಮಾದಲ್ಲಿ ಬರುವ ಊರು!

ಊರು ನೋಡುವ ಮೊದಲು ಸಿನಿಮಾ ನೋಡಬೇಕೆಂದು ಹಠ ಹಿಡಿದ. ನೋಡಿದೆ. ನನ್ನ ವಯಸ್ಸಿನ ಓದುಗರಿಗಾಗಿ ಎರಡು ಮಾತು ಹೇಳುತ್ತೇನೆ. ಸಾನಿಕ್ ಎಂದರೆ ಮೈತುಂಬ ಮುಳ್ಳಿರುವ, ಮಿಂಚಿನಂತೆ ಓಡುವ ನೀಲಿ ಬಣ್ಣದ ಪುಟ್ಟ ಪ್ರಾಣಿ. ಜಪಾನಿನ ಸೆಗಾ ಕಂಪನಿ 1991ರಲ್ಲಿ ಇದನ್ನು ವಿಡಿಯೊ ಗೇಮ್ ಆಗಿ ತಂದಿತು. ಸಿನಿಮಾ ಬಂದದ್ದು 2020ರಲ್ಲಿ. ಆಟದ ಮೊದಲ ಹಂತದ ಹೆಸರು ಗ್ರೀನ್ ಹಿಲ್. ಸಿನಿಮಾದ ಊರಿಗೂ ಅದೇ ಹೆಸರು ಬಂತು. ಸಾನಿಕ್‌ನನ್ನು ಹಿಡಿಯಲು ಬರುವ ಖಳ ಡಾಕ್ಟರ್ ರೊಬಾಟ್ನಿಕ್. ಆ ಪಾತ್ರ ಮಾಡಿದವರು ಜಿಮ್ ಕ್ಯಾರಿ.

ಮಕ್ಕಳೆಲ್ಲ ಸಾನಿಕ್‌ನನ್ನು ನೋಡುತ್ತಾರೆ. ನನ್ನ ಕಣ್ಣು ಹೋದದ್ದು ಡಾಕ್ಟರನ ಹಿಂದೆ ಕಪ್ಪು ಸೂಟು ತೊಟ್ಟು ನಿಲ್ಲುವ ಏಜೆಂಟ್ ಸ್ಟೋನ್ ಕಡೆಗೆ. ಮೂಲ ಆಟದಲ್ಲಿ ಇವನಿಲ್ಲ, ಸಿನಿಮಾಕ್ಕಾಗಿ ಹುಟ್ಟಿದವನು. ಪಾತ್ರ ಮಾಡಿದವರು ಲೀ ಮಜ್ದೂಬ್ ಎಂಬ ನಟ. ಡಾಕ್ಟರ್ ಎಷ್ಟು ಹೀಯಾಳಿಸಿದರೂ ಇವನು ಆಸ್ಟ್ರಿಯಾದ ಮೇಕೆ ಹಾಲಿನ ಕಾಫಿ ಮಾಡಿ ತಂದುಕೊಡುತ್ತಾನೆ. ಮೇಕೆ ಹಾಲಿನ ಕಾಫಿ! ನಮ್ಮ ಹಾಸನದಲ್ಲಿ ಯಾರಾದರೂ ಕೊಟ್ಟರೆ ಲೋಟ ಹಾಗೇ ವಾಪಸ್ ಬರುತ್ತಿತ್ತು.

ಚಿತ್ರದ ಕೊನೆಗೆ ಡಾಕ್ಟರ್ ಅಣಬೆಗಳೇ ತುಂಬಿದ ಯಾವುದೋ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಕೊಳ್ಳುತ್ತಾನೆ. ಮಾತಿಗೆ ಯಾರೂ ಇಲ್ಲ. ಒಂದು ಕಲ್ಲಿಗೆ ‘ಸ್ಟೋನ್’ ಎಂದು ಹೆಸರಿಟ್ಟು ಅದರ ಜೊತೆ ಮಾತಾಡುತ್ತಾನೆ. 2022ರಲ್ಲಿ ಬಂದ ಎರಡನೇ ಚಿತ್ರದಲ್ಲಿ ಸ್ಟೋನ್ ಗ್ರೀನ್ ಹಿಲ್ಸ್‌ನಲ್ಲಿ ‘ಮೀನ್ ಬೀನ್’ ಎಂಬ ಕಾಫಿ ಅಂಗಡಿ ಇಟ್ಟುಕೊಂಡು, ಯಜಮಾನನ ದಾರಿ ಕಾಯುತ್ತಿರುತ್ತಾನೆ.

“ಅಜ್ಜಿ, ಸ್ಟೋನ್ ಕೆಟ್ಟವನಾ? ಅವನು ಬರೀ ಕಾಫಿ ತಾನೆ ಕೊಡೋದು?” ಎಂದು ಮೊಮ್ಮಗ ಕೇಳಿದ. ಥಟ್ಟನೆ ಉತ್ತರ ಹೊಳೆಯಲಿಲ್ಲ. “ಊರು ನೋಡಿದ ಮೇಲೆ ಹೇಳ್ತೀನಿ” ಎಂದೆ.

ಒಂದು ಶನಿವಾರ ಹೊರಟೆವು. ಹಾರ್ಸ್‌ಶೂ ಬೇ ಎಂಬಲ್ಲಿ ಕಾರಿನ ಸಮೇತ ದೊಡ್ಡ ಹಡಗು ಹತ್ತಿ, ಒಂದೂಮುಕ್ಕಾಲು ಗಂಟೆ ಸಮುದ್ರದ ಮೇಲೆ ಸಾಗಿದರೆ ವ್ಯಾಂಕೂವರ್ ದ್ವೀಪದ ನನೈಮೊ. ಅಲ್ಲಿಂದ ತೆಂಕಣಕ್ಕೆ ಅರ್ಧ ಗಂಟೆ ದಾರಿ. ಊರಿನ ನಿಜವಾದ ಹೆಸರು ಲೇಡಿಸ್ಮಿತ್.

ಸಿನಿಮಾದ ಗ್ರೀನ್ ಹಿಲ್ಸ್ ಇರುವುದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ. ಮೊಂಟಾನಾದ ಉತ್ತರದ ಗಡಿ 49ನೇ ಅಕ್ಷಾಂಶದ ಗೆರೆ. ಲೇಡಿಸ್ಮಿತ್ ಇರುವುದೂ ಅದೇ ಗೆರೆಯ ಮೇಲೆ! ಆದರೆ ಮೊಂಟಾನಾಕ್ಕೆ ಸಮುದ್ರವಿಲ್ಲ. ಇಲ್ಲಿ ಬೀದಿಗಳೆಲ್ಲ ಇಳಿಜಾರಾಗಿ ಹೋಗಿ ಸಮುದ್ರದ ಕಡೆಗೇ ಮುಖ ಮಾಡುತ್ತವೆ.

ಫಸ್ಟ್ ಅವೆನ್ಯೂ ಎಂಬುದು ಪೇಟೆ ಬೀದಿ. ಇಕ್ಕೆಲಗಳಲ್ಲಿ ಹಳೆಯ ಕಾಲದ ಕಟ್ಟಡಗಳು, ಅಲ್ಲಲ್ಲಿ ಹಳೆಯ ಲಂಗರು, ಯಂತ್ರಗಳನ್ನು ನೋಡಲು ಇಟ್ಟಿದ್ದಾರೆ. ಮೊಮ್ಮಗ ಮೀನ್ ಬೀನ್ ಅಂಗಡಿ ಹುಡುಕಿದ. ನಮಗೆ ಸಿಗಲಿಲ್ಲ. ಅವನ ಮುಖ ಬಾಡಿತು. ಬೇಕರಿಯೊಂದರಲ್ಲಿ ದಾಲ್ಚಿನ್ನಿ ಬನ್ ಕೊಡಿಸಿದ ಮೇಲೆ ಸ್ವಲ್ಪ ಅರಳಿತು.

ಬನ್ ತಿನ್ನುತ್ತ ನಡೆಯುವಾಗ ಒಂದು ಬೀದಿಯ ಹೆಸರು ಓದಿ ನಿಂತೆ. ‘ಬುಲ್ಲರ್ ಸ್ಟ್ರೀಟ್’. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಈ ಹೆಸರು ಬಲ್ಲೆ.

ದಕ್ಷಿಣ ಆಫ್ರಿಕಾದಲ್ಲೂ ಒಂದು ಲೇಡಿಸ್ಮಿತ್ ಇದೆ. ಬ್ರಿಟಿಷರಿಗೂ ಬೋಯರರಿಗೂ ಯುದ್ಧ ನಡೆದಾಗ ಬೋಯರರು ಆ ಊರನ್ನು 118 ದಿನ ಮುತ್ತಿದ್ದರು. 1900ರ ಫೆಬ್ರವರಿ 28ರಂದು ಮುತ್ತಿಗೆ ಮುರಿಯಿತು. ಆಗ ಕೆನಡಾದ ಈ ದಡದಲ್ಲಿ ಜೇಮ್ಸ್ ಡನ್ಸ್‌ಮ್ಯೂರ್ ಎಂಬ ಕಲ್ಲಿದ್ದಲು ಗಣಿಯ ಧಣಿ ತನ್ನ ಕಾರ್ಮಿಕರಿಗಾಗಿ ಊರು ಕಟ್ಟುತ್ತಿದ್ದ. ಗೆಲುವಿನ ಸಂತೋಷಕ್ಕೆ ಆ ಹೆಸರನ್ನೇ ಇಟ್ಟ. ಬೀದಿಗಳಿಗೆ ಬ್ರಿಟಿಷ್ ಸೇನಾನಿಗಳ ಹೆಸರು ಬಂತು. ಬುಲ್ಲರ್, ಮುತ್ತಿಗೆ ಮುರಿಯಲು ಹೊರಟ ಸೇನೆಯ ದಂಡನಾಯಕ.

“ಆ ಬುಲ್ಲರನ ಸೇನೆಯ ಹಿಂದೆ ಯಾರಿದ್ದರು ಗೊತ್ತಾ? ನಮ್ಮ ಗಾಂಧಿ ತಾತ” ಎಂದೆ. ಮೊಮ್ಮಗ ನಂಬಲಿಲ್ಲ. ನಿಜ ಮಕ್ಕಳೇ. ಆಗ ಗಾಂಧೀಜಿಗೆ 30 ವರ್ಷ. ಸುಮಾರು 1,100 ಭಾರತೀಯರನ್ನು ಸೇರಿಸಿ ಗಾಯಾಳುಗಳನ್ನು ಹೊರುವ ದಳ ಕಟ್ಟಿದ್ದರು. ಸ್ಟ್ರೆಚರ್ ಹೊತ್ತು ಕೆಲವು ದಿನ 20–25 ಮೈಲಿ ನಡೆದರು.

“ಹಾಗಾದ್ರೆ ಬುಲ್ಲರ್ ಒಳ್ಳೆಯವನಾ?” ಎಂದ.

“ಅದು ಹೇಳೋದು ಕಷ್ಟ ಮರಿ. ಗಾಂಧೀಜಿಗೇ ಮನಸ್ಸಿನಲ್ಲಿ ಬೋಯರರ ಮೇಲೆ ಕನಿಕರ ಇತ್ತು. ಆದರೆ ಅವರ ಕೈಯಲ್ಲಿ ಇದ್ದದ್ದು ಏನು ನೋಡು. ನೋವಿನಲ್ಲಿದ್ದ ಮನುಷ್ಯ. ಸ್ಟೋನ್ ಕೈಯಲ್ಲಿ ಇರೋದು ಕಾಫಿ. ಅದನ್ನು ಕುಡಿದು ಡಾಕ್ಟರ್ ಏನು ಮಾಡ್ತಾನೆ ಅಂತ ಅವನಿಗೆ ಗೊತ್ತು. ಗೊತ್ತಿದ್ದೂ ತಂದುಕೊಡ್ತಾನೆ.”

ಇಷ್ಟು ಹೇಳಿ ನಾನೇ ಸುಮ್ಮನಾದೆ. ಹಳೆಯದೊಂದು ನೆನಪಾಯಿತು. ಕೂಡು ಕುಟುಂಬಕ್ಕೆ ಹೊಸ ಸೊಸೆಯಾಗಿ ಬಂದಿದ್ದೆ. ಹಿರಿಯರೊಬ್ಬರು ಕೆಲಸದ ಹುಡುಗಿಯನ್ನು ಕಾರಣವಿಲ್ಲದೆ ಗದರುತ್ತಿದ್ದರು. ನಾನು ತಲೆ ತಗ್ಗಿಸಿ, ಅವರ ಮುಂದೆ ಕಾಫಿ ಲೋಟ ಇಟ್ಟು ಒಳಗೆ ಹೋಗಿದ್ದೆ. ಅದನ್ನೂ ಅವನಿಗೆ ಹೇಳಿಬಿಟ್ಟೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ವಾಪಸ್ ಬರುವಾಗ ಹಡಗಿನ ಮೇಲ್ಗಡೆ ಗಾಳಿಗೆ ನಿಂತಿದ್ದೆವು. ಮೆಲ್ಲಗೆ ಶುರು ಮಾಡಿದ.

“ಅಜ್ಜಿ, ನಮ್ಮ ಕ್ಲಾಸಿಗೆ ಒಬ್ಬ ಹೊಸ ಹುಡುಗ ಬಂದಿದಾನೆ. ನನ್ನ ಫ್ರೆಂಡ್ ಅವನ ಬ್ಯಾಗ್ ಕಿತ್ಕೊಂಡು ನನ್ನ ಕೈಗೆ ಕೊಟ್ಟ. ನಾನೇನೂ ಮಾಡ್ಲಿಲ್ಲ. ಸುಮ್ನೆ ಹಿಡ್ಕೊಂಡಿದ್ದೆ.”

“ಎಷ್ಟು ಹೊತ್ತು?”

“ಬೆಲ್ ಹೊಡೆಯೋ ತನಕ. ಅವನು ಅಳ್ತಾ ಇದ್ದ.”

“ಬ್ಯಾಗ್ ಭಾರ ಇತ್ತಾ?”

“ಹೂಂ” ಎಂದ. ಕಣ್ಣು ತುಂಬಿತ್ತು. ನಾನು ಬೈಯಲಿಲ್ಲ, ಹತ್ತಿರ ಎಳೆದುಕೊಂಡೆ.

ಸೋಮವಾರ ಬೆಳಿಗ್ಗೆ ಅವನು ತಿಂಡಿ ಡಬ್ಬಿಗೆ ಎರಡು ಚಕ್ಕುಲಿ ಹೆಚ್ಚಿಗೆ ಹಾಕಲು ಹೇಳಿದ. ಯಾರಿಗೆಂದು ನಾನು ಕೇಳಲಿಲ್ಲ. ಸಂಜೆ ಬಂದವನೇ ಶೂ ಬಿಚ್ಚುತ್ತ ಹೇಳಿದ: “ಸಾರಿ ಹೇಳ್ದೆ ಅಜ್ಜಿ. ಅವನು ಏನೂ ಮಾತಾಡ್ಲಿಲ್ಲ. ಆದ್ರೆ ಚಕ್ಕುಲಿ ತಿಂದ.”

“ನಿನ್ನ ಫ್ರೆಂಡು?”

“ನನ್ನ ಮೇಲೆ ಕೋಪ ಮಾಡ್ಕೊಂಡಿದಾನೆ.”

“ಮಾಡ್ಕೊಳ್ಳಲಿ ಬಿಡು” ಎಂದೆ. ಮರುದಿನ ಮೂರು ಜನರಿಗಾಗುವಷ್ಟು ಚಕ್ಕುಲಿ ಹಾಕಿ ಕಳಿಸಿದೆ.