ಟ್ರಯಲ್

"ಎ.ಸಿ. ಕೆಲಸಕ್ಕೂ ಈ ಸದ್ದಿಗೂ ಸಂಬಂಧಾನೇ ಇಲ್ಲ ಸಾರ್."

ಬೆಳಿಗ್ಗೆ ಫೋನಿನಲ್ಲಿ ಈ ಮಾತು ಕೇಳಿದಾಗಿನಿಂದ ಕಾಫಿಯೂ ರುಚಿಸುತ್ತಿಲ್ಲ. ನಿನ್ನೆ ಸಂಜೆ ಗ್ಯಾರೇಜಿನಿಂದ ಬಂದ ಕಾರಿನಲ್ಲಿ ಗಾಳಿಯೇನೋ ತಣ್ಣಗೆ ಬರುತ್ತಿದೆ. ಆದರೆ ಹಂಪ್ ಸಿಕ್ಕಾಗಲೆಲ್ಲ ಗ್ಲೋವ್ ಬಾಕ್ಸಿನ ಹಿಂದೆಲ್ಲೋ ಟಕಟಕ ಸದ್ದು. ಡ್ಯಾಶ್‌ಬೋರ್ಡಿನ ಎಡಮೂಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ, ಕೈ ತೆಗೆದರೆ ಮತ್ತೆ ಶುರು. ರಿಪೇರಿಗೆ ಮುಂಚೆ ಇದು ಇರಲಿಲ್ಲ.

ಸೋರುತ್ತಿದ್ದದ್ದು ಕೂಲಿಂಗ್ ಕಾಯಿಲ್. ಅದು ಕೂತಿರುವುದು ಡ್ಯಾಶ್‌ಬೋರ್ಡಿನ ಒಳಗೆ. ನನ್ನ ಕಾರಿನಲ್ಲಿ ಅದನ್ನು ಬದಲಿಸಬೇಕಾದರೆ ಇಡೀ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಕ್ಲಿಪ್ಪಿಗೆ ಒಮ್ಮೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಅದರ ಹಲ್ಲು ಮುರಿಯುತ್ತದೆ. ವೈರಿನ ಗೊಂಚಲನ್ನು ಅದರ ಜಾಗಕ್ಕೆ ಸಿಕ್ಕಿಸದೆ ಬಿಟ್ಟರೆ ಅದು ಒಳಗೇ ಬಡಿದುಕೊಳ್ಳುತ್ತಿರುತ್ತದೆ. ನೀರು ಹೊರಗೆ ಹೋಗುವ ಸಣ್ಣ ಪೈಪು ಸರಿಯಾಗಿ ಕೂರದಿದ್ದರೆ ಪಕ್ಕದಲ್ಲಿ ಕೂತವರ ಕಾಲಡಿಯ ಮ್ಯಾಟ್ ನೆನೆಯುತ್ತದೆ. ಮತ್ತೆ ಸಂಬಂಧವಿಲ್ಲ ಎಂದರೆ ಹೇಗೆ? ಒಂದು ದೊಡ್ಡ ಸದ್ದು ಹೋದ ಮೇಲೆ ಅದರಡಿ ಅಡಗಿದ್ದ ಚಿಕ್ಕ ಸದ್ದು ಕೇಳಿಸುವುದುಂಟು, ಒಪ್ಪುತ್ತೇನೆ. ಇದು ಅದಲ್ಲ.

ಕಾಯಿಲ್ ಬದಲಿಸಿದ ಹುಡುಗನ ಕೈಗುಣವನ್ನು ನಾನು ಅನುಮಾನಿಸುತ್ತಿಲ್ಲ. ಅದನ್ನು ಚೆನ್ನಾಗಿ ಕೂರಿಸಿದ್ದಾನೆ. ಆದರೆ ಅವನು ಈ ಕಾರನ್ನು ಹಂಪಿನ ಮೇಲೆ ಓಡಿಸಿ ನೋಡಿಲ್ಲ, ಓಡಿಸಲು ಅವನಿಗೆ ಯಾರೂ ಬಿಟ್ಟೂ ಇಲ್ಲ. ದೂರು ಬರೆದುಕೊಳ್ಳುವವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು, ತೊಳೆದು ಕೀ ಕೊಡುವವರು ಮತ್ತೊಬ್ಬರು. ಅಂಬಾಸಿಡರ್ ಕಾಲದಲ್ಲಿ ಟ್ರಯಲ್ ಅಂತ ಒಂದಿತ್ತು. ಮೇಸ್ತ್ರಿ ಕೈ ಒರೆಸಿಕೊಂಡು ಸ್ಟೀರಿಂಗ್ ಹಿಡಿಯುತ್ತಿದ್ದರು, "ಬನ್ನಿ ಸ್ವಾಮಿ, ಒಂದು ರೌಂಡ್" ಎಂದು ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಕಿಟಕಿ ಇಳಿಸಿ, ಮಾತು ನಿಲ್ಲಿಸಿ, ಕಿತ್ತುಹೋದ ರಸ್ತೆಯನ್ನೇ ಹುಡುಕಿ ಓಡಿಸುತ್ತಿದ್ದರು. ಅನುಮಾನ ಬಂದರೆ ಅಲ್ಲೇ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಗೆ ಕಿವಿಯಿಡುತ್ತಿದ್ದರು. ಅಂಬಾಸಿಡರ್ ತಯಾರಿಕೆ 2014ರಲ್ಲಿ ಉತ್ತರಪಾರದಲ್ಲಿ ನಿಂತಿತು. ಟ್ರಯಲ್ ನಿಲ್ಲಬೇಕಿರಲಿಲ್ಲ. ಪ್ರತಿ ಜಾಬ್ ಕಾರ್ಡಿನಲ್ಲೂ "ಗಾಡಿಯವರ ಜೊತೆ ಟ್ರಯಲ್" ಎಂಬ ಒಂದು ಸಾಲು ಇರಬೇಕು. ಬಿಚ್ಚಿದವನೇ ಬರಬೇಕು. ಬಿಲ್ಲು ಆಮೇಲೆ. ಇದಕ್ಕೆ ಬೇರೆ ಚಾರ್ಜ್ ಹಾಕಿದರೂ ಸಂತೋಷವಾಗಿ ಕೊಡುತ್ತೇನೆ.

ಇಂಥ ಟ್ರಯಲ್ಲನ್ನು ನಾನು ಇನ್ನೊಂದು ಕಡೆಯೂ ನೋಡಿದ್ದೇನೆ. ಮೃದಂಗ ನುಡಿಸುತ್ತಿದ್ದ ನನ್ನ ಸೋದರಮಾವ ವಾದ್ಯವನ್ನು ರಿಪೇರಿಗೆ ಬಿಟ್ಟು ಬಂದವರೇ ಅಲ್ಲ. ಜೊತೆಗೇ ಕೂರುತ್ತಿದ್ದರು. ಅನ್ನದೊಡನೆ ಅರೆದ ಕಪ್ಪು ಪುಡಿಯನ್ನು ಬಲಮುಚ್ಚಿಗೆಗೆ ಚೂರುಚೂರೇ ಹಚ್ಚುವುದು, ನುಣುಪು ಕಲ್ಲಿನಿಂದ ಉಜ್ಜುವುದು, ಬೆರಳಿನಿಂದ ತಟ್ಟಿ ನೋಡುವುದು, ಮತ್ತೆ ಹಚ್ಚುವುದು. ಮಧ್ಯೆ ಮಾವ ಕೈ ಚಾಚಿದರೆ ರಿಪೇರಿಯವರು ಮೃದಂಗವನ್ನು ಅವರ ತೊಡೆಗೆ ದಾಟಿಸುತ್ತಿದ್ದರು. ಮಾವ ನುಡಿಸುವರು, ಅವರು ಕೇಳುವರು. ಅಂಚಿನ ಹೆಣಿಗೆಗೆ ಮೇಲಿನಿಂದ ಏಟು ಕೊಟ್ಟರೆ ಶ್ರುತಿ ಏರುತ್ತದೆ, ಕೆಳಗಿನಿಂದ ಕೊಟ್ಟರೆ ಇಳಿಯುತ್ತದೆ ಎಂದು ನಾನು ಕಲಿತದ್ದು ಅಲ್ಲೇ. ಎಡಕ್ಕೆ ರವೆ ಕಲಸಿ ಹಚ್ಚುವುದನ್ನು ಮಾತ್ರ ಮಾವ ಯಾರಿಗೂ ಬಿಡುತ್ತಿರಲಿಲ್ಲ. ಕಛೇರಿಗೆ ಸ್ವಲ್ಪ ಮುಂಚೆ ತಾವೇ ಹಚ್ಚಿ, ಮುಗಿದ ಮೇಲೆ ತಾವೇ ಕೆರೆದು ತೆಗೆಯುತ್ತಿದ್ದರು.

ಈಗ ಎಷ್ಟೋ ಸಭಾಂಗಣಗಳಲ್ಲಿ ಎ.ಸಿ. ಇದೆ. ಒಣಗಾಳಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ರವೆಯೂ ಬೇಗ ಒಣಗುತ್ತದೆ. ಹಾಡುವವರ ಮೈಕಿಗೆ ಅಷ್ಟು ಹೊತ್ತು ಕೊಡುವ ಸಭೆಯವರು ಮೃದಂಗದವರನ್ನು ಅರ್ಧ ಗಂಟೆ ಮೊದಲೇ ವೇದಿಕೆ ಹತ್ತಿಸಿ ಕೂರಿಸಬೇಕು, ಅದೂ ಎ.ಸಿ. ಹಾಕಿಯೇ.