ಹಡಗು ಹತ್ತೋಕೆ ಮುಂಚೆ ದಡದ ಲೆಕ್ಕ

ನಾವು ಯುರೋಪಿಗೆ ಹೋಗಿ ಹಡಗಲ್ಲಿ ಸುತ್ತೋ ಸುದ್ದಿ ಬೆಸಗರಹಳ್ಳಿ ದಾಟಿ ಕೊಪ್ಪ, ಮದ್ದೂರು ಎಲ್ಲ ಮುಟ್ಟಿ ಆಗದೆ. ಡೈರಿ ತಾವ ಹೋದ್ರೂ ಅದೇ ಮಾತು, ಮದುವೆ ಮನೇಗೆ ಹೋದ್ರೂ ಅದೇ ಮಾತು. "ಏಟು ದಿನ ಕನವ್ವ? ನೀರ ಮ್ಯಾಲೆ ವಾಂತಿ ಬರಾಕಿಲ್ವಾ? ಉಣ್ಣಾಕೇನು ಮಾಡೀರಿ?" ಒಬ್ಬೊಬ್ರಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗ್ತು. ಅದಕ್ಕೇ ಎಲ್ಲಾನೂ ಒಂದು ಕಡೆ ಬರೆದುಬುಡೋಣ ಅಂತ ಕೂತೆ. ನಿಮ್ಮಲ್ಲೂ ಮಕ್ಕಳು ಹೊರದೇಶದಲ್ಲಿ ಇರೋರು ಅವ್ರೆ, ನಾಳೆ ನಿಮ್ಗೂ ಟಿಕೆಟ್ ಕಳಿಸ್ಬೋದು. ಆಗ ಉಪಯೋಗಕ್ಕೆ ಬರ್ಲಿ.

ಹೋಗ್ತಿರೋರು ಐದು ಜನ. ನಾನು, ನಮ್ಮೆಜಮಾನ್ರು, ಜರ್ಮನಿಲಿರೋ ಮಗಳು, ಅಳಿಯ, ಆಮೇಲೆ ನಮ್ಮಕ್ಕ. ಅಕ್ಕ ಅಂದ್ರೆ ನನ್ನ ಓರಗಿತ್ತಿ, ದೊಡ್ಡ ಬಾವನ ಹೆಂಡ್ತಿ. ಅರವತ್ತೆಂಟು ವರ್ಷ. ಬಾವನೋರು ಹೋಗಿ ಮೂರು ವರ್ಷ ಆಯ್ತು. ನಾನೂ ಅಕ್ಕನೂ ಮೂವತ್ತು ವರ್ಷ ಒಂದೇ ಒಲೆ ಮುಂದೆ ಕುಂತು ಮುದ್ದೆ ತಿರುವಿದೋರು. ನನ್ನ ಮಗಳ್ನ ಎತ್ತಿ ಆಡ್ಸಿದ್ದು ಅಕ್ಕನೇ. ಮಗಳು ಫೋನ್ ಮಾಡ್ದಾಗ ಮೊದಲ ಮಾತೇ, "ದೊಡ್ಡವ್ವನ್ನೂ ಕರ್ಕೊಂಡೇ ಬರ್ಬೇಕು" ಅಂತ.

ಅಕ್ಕ ಒಪ್ಕೊಳ್ಳೋಕೆ ಎರಡು ತಿಂಗಳು ಹಿಡೀತು. ಎರಡು ಮಂಡಿನೂ ಸವೆದವೆ, ಮೆಟ್ಟಿಲು ಅಂದ್ರೆ ಆಗಲ್ಲ. "ನಾನು ಬಂದ್ರೆ ನೀವೂ ಸುತ್ತಾಕಾಗಲ್ಲ ಕನೆ, ನೀವು ಓಗ್ಬನ್ನಿ" ಅಂತ ಒಂದೇ ಸಮ. ಕೊನೆಗೆ ಒಪ್ಕೊಂಡ್ರೂ ಒಂದು ಮಾತು ಸೇರಿಸ್ತು: "ಊರು ಬಂದಾಗ ನೀವೆಲ್ಲ ಇಳಿದು ನೋಡ್ಕಬನ್ನಿ, ನಾನು ಅಡಗಲ್ಲೇ ಕುಂತಿರ್ತೀನಿ." ಇದು ನನ್ನ ಮನಸ್ಸಿಗೆ ನೆಟ್ಟುಬುಡ್ತು. ಮನೆಯೋರೆಲ್ಲ ಜಾತ್ರೆಗೆ ಹೋದಾಗ ಹಟ್ಟಿ ಕಾಯ್ಕೊಂಡು, ದನಕ್ಕೆ ಹುಲ್ಲು ಹಾಕ್ಕೊಂಡು ಕುಂತಿದ್ದುದು ಯಾವಾಗ್ಲೂ ಅಕ್ಕನೇ. ಅಷ್ಟು ದೂರ ಹೋಗಿ ಹಡಗನ್ನೂ ಕಾಯ್ಕೊಂಡು ಕೂರೋದಾದ್ರೆ ಹೋಗೋದ್ಯಾಕೆ? ಅದಕ್ಕೇ ಪ್ರತಿ ಊರಲ್ಲೂ ಅಕ್ಕನ ಮಂಡಿಗೆ ಆಗೋಂಥದ್ದು ಒಂದಾದ್ರೂ ಹುಡುಕ್ಲೇಬೇಕು ಅಂತ ನಾನು ಹಟ ಹಿಡಿದು ಕೂತೆ. ನಮ್ಮ ಲೆಕ್ಕವೆಲ್ಲ ಶುರುವಾಗಿದ್ದು ಅಲ್ಲಿಂದ.

ಮೊದಲು ದಿನದ ಲೆಕ್ಕ. ಗೌರಿಹಬ್ಬ ಬಿಟ್ಟು ಹೋಗೋ ಹಂಗಿಲ್ಲ. ಮಾಲಯ ಅಮಾಸೆಗೆ ಬಾವನೋರಿಗೆ ಎಡೆ ಇಕ್ಬೇಕು, ಅದಕ್ಕೆ ಅಕ್ಕ ಊರಲ್ಲಿ ಇರಲೇಬೇಕು. ಗೌರಿ ತದಿಗೆಯಿಂದ ಅಮಾಸೆಗೆ ಹೆಚ್ಚೂಕಮ್ಮಿ 27 ದಿನ. ಬಾಗಿನ ಕೊಟ್ಟ ಮಾರನೇ ದಿನ ಹೊರಟ್ರೆ 22 ದಿನಕ್ಕೆ ವಾಪಸ್ ಬಂದು, ಮನೆ ಸಾರಿಸಿ, ಸಾಮಾನು ತರೋಕೆ ಮೂರು ನಾಲ್ಕು ದಿನ ಸಿಗ್ತದೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಅದೆ. ಮಗಳ ಮನೇಲಿ 12 ರಾತ್ರಿ, ಬಾರ್ಸಿಲೋನಾದಲ್ಲಿ ಒಂದು ರಾತ್ರಿ, ಹಡಗಲ್ಲಿ 7 ರಾತ್ರಿ, ಇಳಿದ ಮೇಲೆ ಬಾರ್ಸಿಲೋನಾದಲ್ಲೇ ಇನ್ನೊಂದು ರಾತ್ರಿ.

ಹಡಗು ಹೊರಡೋ ದಿನವೇ ವಿಮಾನದಲ್ಲಿ ಹೋಗಿ ಇಳಿದ್ರೆ ಒಂದು ರಾತ್ರಿ ಲಾಡ್ಜಿನ ದುಡ್ಡು ಉಳೀತದಲ್ಲ ಅಂತ ನಮ್ಮೆಜಮಾನ್ರು ಅಂದ್ರು. ಆ ಉಳಿತಾಯ ಬ್ಯಾಡ ಅಂದೆ. ವಿಮಾನ ನಾಲ್ಕು ಗಂಟೆ ತಡವಾದ್ರೆ, ಇಲ್ಲ ಪೆಟ್ಟಿಗೆ ಬರದೇ ಹೋದ್ರೆ, ಹಡಗೇನು ನಮ್ಮನ್ನ ಕಾಯ್ತದಾ? ವಾಪಸ್ ಬರುವಾಗ್ಲೂ ಅಷ್ಟೇ. ಆ ಒಂದು ದಿನದಲ್ಲಿ ಗೌಡಿ ಅನ್ನೋರು ಕಟ್ಟಿಸಿದ ಸಗ್ರಾದಾ ಫಮೀಲಿಯಾ ಚರ್ಚು ನೋಡೋದು. 1882ರಲ್ಲಿ ಶುರು ಮಾಡಿದ್ದು, ನೂರು ವರ್ಷದ ಮೇಲಾದ್ರೂ ಕಟ್ತಾನೇ ಅವ್ರೆ. ನಮ್ಮ ಅಳಿಯಂದ್ರು ತಮಾಷೆಗೆ, "ನಿಮ್ಮ ಹಿತ್ಲ ಕಾಂಪೌಂಡಿದ್ದಂಗೆ" ಅಂದ್ರು.

ವೀಸಾ ವಿಚಾರ ಹೇಳ್ಬೇಕು. ಸ್ಪೇನು, ಫ್ರಾನ್ಸು, ಇಟಲಿ, ಮಾಲ್ಟಾ, ಜರ್ಮನಿ ಎಲ್ಲಕ್ಕೂ ಸೇರಿ ಷೆಂಗೆನ್ ಅನ್ನೋ ಒಂದೇ ವೀಸಾ. ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀವೋ ಆ ದೇಶಕ್ಕೆ ಅರ್ಜಿ ಹಾಕ್ಬೇಕು. ನಮಗೆ ಜರ್ಮನಿ. ದಿನ ಸಮ ಇದ್ರೆ ಮೊದಲು ಕಾಲಿಡೋ ದೇಶ. ದೊಡ್ಡೋರಿಗೆ ಫೀಸು 90 ಯೂರೋ. 30,000 ಯೂರೋಗೆ ಕಮ್ಮಿ ಇಲ್ಲದ ಆರೋಗ್ಯ ವಿಮೆ ಇರ್ಲೇಬೇಕು. ಆರು ತಿಂಗಳು ಮುಂಚಿನಿಂದಲೇ ಅರ್ಜಿ ತಗೋತಾರೆ, ಕೊನೇ ಘಳಿಗೆಗೆ ಇಟ್ಕೋಬೇಡಿ. ನಿಮ್ಮ ಹಡಗು ಟರ್ಕಿಗೋ ಮಾಂಟೆನೆಗ್ರೋಗೋ ಹೋಗಿ ತಿರ್ಗಾ ಇಟಲಿಗೆ ಬರೋದಾದ್ರೆ, ಒಂದು ಸಲ ಒಳಗೆ ಬರೋ ವೀಸಾ ಸಾಲದು, ಹಲವು ಸಲದ್ದು ಕೇಳ್ಬೇಕು. ಆ ಎರಡು ದೇಶ ಷೆಂಗೆನ್ ಒಳಗಿಲ್ಲ. ಇಂಗ್ಲೆಂಡಿಗೆ ಬೇರೆಯೇ ವೀಸಾ.

ಇನ್ನು ದಡದ ಲೆಕ್ಕ. ಹಡಗಿನೋರ ಪಟ್ಟಿಲಿ ಊರ ಹೆಸರು ನೋಡಿ ಮಳ್ಳಾಗಬಾರದು. ಮೊದಲು ಒಬ್ರು ಏಜೆಂಟು ತೋರಿಸಿದ ಪಟ್ಟಿಲಿ "ರೋಮ್" ಅಂತಿತ್ತು. ಮಗಳು ಮ್ಯಾಪ್ ತೆಗೆದು ನೋಡಿದ್ರೆ ಹಡಗು ನಿಲ್ಲೋದು ಚಿವಿತಾವೆಕ್ಕಿಯಾ ಅನ್ನೋ ಊರಲ್ಲಿ. ಅಲ್ಲಿಂದ ರೋಮಿಗೆ 70 ಕಿಲೋಮೀಟರಿನ ಮೇಲೆ. "ಫ್ಲಾರೆನ್ಸ್" ಅಂದ್ರೆ ಲಿವೋರ್ನೋದಲ್ಲಿ ಇಳಿಸ್ತಾರೆ, ಅಲ್ಲಿಂದಲೂ ದೂರವೇ. ಮದ್ದೂರಲ್ಲಿ ಇಳಿಸಿ "ಬೆಂಗಳೂರು ಬಂತು, ಇಳೀರಿ" ಅಂದಂಗೆ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ, ನಡುವೆ ಓಡಾಟ. ಅಕ್ಕನ ಮಂಡಿಗೆ ಅದು ಆಗದ ಮಾತು. ಅದಕ್ಕೇ ಬಂದರಿಗೆ ಹತ್ರದಲ್ಲೇ ಊರಿರೋ ಹಡಗು ಹುಡುಕಿದ್ವಿ. ನಮ್ಮದು ಬಾರ್ಸಿಲೋನಾ ಬಿಟ್ಟು ಮಾರ್ಸೇ, ಜೆನೋವಾ, ನೇಪಲ್ಸ್, ಮೆಸ್ಸೀನಾ, ಮಾಲ್ಟಾದ ವಲೆಟ್ಟಾ ಮುಟ್ಟಿ, ಒಂದು ದಿನ ಪೂರ್ತಿ ಸಮುದ್ರದಲ್ಲಿದ್ದು ಬಾರ್ಸಿಲೋನಾಗೆ ವಾಪಸ್. ರೋಮ್ ಇಲ್ಲ ಅಂತ ನಮ್ಮೆಜಮಾನ್ರು ಎರಡು ದಿನ ಮುಖ ಊದಿಸ್ಕೊಂಡಿದ್ರು, ಮೂರನೇ ದಿನ ಸರಿಹೋದ್ರು.

ಎರಡನೇ ವಿಷಯ ಹೊತ್ತು. ನಮ್ಮ ಧರ್ಮಸ್ಥಳದ ಬಸ್ಸಾದ್ರೆ ಡ್ರೈವರು ಹಾರ್ನ್ ಹೊಡೀತಾನೆ, ಒಬ್ಬ ಓಡೋಗಿ ಕರ್ಕೊಂಡು ಬತ್ತಾನೆ. ಹಡಗು ಅಂಗಲ್ಲ. ಹೊರಡೋಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆನೇ ಎಲ್ಲ ಒಳಗಿರ್ಬೇಕು. ಹಡಗಿನೋರೇ ಕರ್ಕೊಂಡೋಗೋ ಬಸ್ಸಿಗೆ ದುಡ್ಡು ಜಾಸ್ತಿ, ಆದ್ರೆ ಆ ಬಸ್ಸು ತಡವಾದ್ರೆ ಹಡಗು ಕಾಯ್ತದೆ. ನಾವಾಗೇ ಹೋಗಿ ತಡ ಮಾಡಿದ್ರೆ ಕಾಯಲ್ಲ, ನಮ್ಮ ಖರ್ಚಲ್ಲೇ ಮುಂದಿನ ಊರಿಗೆ ಹೋಗಿ ಹಿಡೀಬೇಕು. ಅದಕ್ಕೆ ನಾವು ಇಟ್ಕೊಂಡಿರೋ ನಿಯಮ: ದೂರದ ಜಾಗಕ್ಕೆ ಹಡಗಿನೋರ ಬಸ್ಸು, ಹತ್ರದ ಜಾಗಕ್ಕೆ ನಾವೇ. ಏನೇ ಆಗ್ಲಿ, ಕೊಟ್ಟ ಹೊತ್ತಿಗೆ ಎರಡು ಗಂಟೆ ಮುಂಚೆ ಬಂದರಲ್ಲಿ ಇರೋದು. ಹಡಗಿನೋರು ದಿನಾ ರೂಮಿಗೆ ಕೊಡೋ ಚೀಟಿಲಿ ಹೊತ್ತೂ ಇರ್ತದೆ, ಆ ಊರಿನ ಏಜೆಂಟರ ಫೋನ್ ನಂಬರೂ ಇರ್ತದೆ. ಅದರ ಫೋಟೋ ಐದು ಜನರ ಫೋನಲ್ಲೂ ಇರ್ಬೇಕು.

ಈಗ ಊರೂರಿನ ಲೆಕ್ಕ ಕೇಳಿ. ಕ್ಯಾಲೆಂಡರಿನ ಹಿಂದುಗಡೆ ಗೆರೆ ಹೊಡೆದು ಬರ್ಕೊಂಡಿದೀನಿ.

ಮಾರ್ಸೇಲಿ ಹಡಗು ನಿಲ್ಲೋ ಜಾಗದಿಂದ ಊರು ದೂರ, ಬಸ್ಸಲ್ಲಿ ಹಳೇ ಬಂದರಿಗೆ ಹೋಗ್ಬೇಕು. ಗುಡ್ಡದ ಮೇಲೆ ದೊಡ್ಡ ಮಾತೆಯ ಚರ್ಚು ಅದೆ. ಹಳೇ ಬಂದರಿಂದ ಪುಟಾಣಿ ಪ್ರವಾಸಿ ರೈಲು ಮೇಲಕ್ಕೆ ಹೋಗ್ತದೆ, ಆದ್ರೂ ಅಲ್ಲಿ ಒಂದಷ್ಟು ಮೆಟ್ಟಿಲು ಅವೆ. ಅಕ್ಕನಿಗೆ ಬೆಳಗ್ಗೆ ದಡದಲ್ಲೇ ನಡೆಯೋ ಮೀನು ಸಂತೆ. "ಮೀನು ನೋಡಾಕೆ ಫ್ರಾನ್ಸಾ?" ಅಂತು. ನೋಡಕ್ಕ, ಶಿಂಷಾ ಹೊಳೆ ಮೀನಿಗೂ ಆ ಮೀನಿಗೂ ಏನು ವ್ಯತ್ಯಾಸ ಅಂತ ನೀನೇ ಹೇಳೀಯಂತೆ ಅಂದೆ.

ಜೆನೋವಾ ಕೊಲಂಬಸನ ಊರು. ಬಂದರು, ರೈಲ್ವೆ ಸ್ಟೇಷನ್ನು, ಹಳೇ ಪೇಟೆ ಎಲ್ಲ ಹತ್ರ ಹತ್ರ. ಊರು ಗುಡ್ಡದ ಮೇಲೆ ಹತ್ಕೊಂಡು ಹೋಗದೆ, ಅದಕ್ಕೇ ನಮ್ಮ ಸಿಟಿ ಬಸ್ಸಿದ್ದಂಗೆ ಅಲ್ಲಿ ಜನ ಓಡಾಡೋಕೆ ಲಿಫ್ಟ್ ಇಟ್ಟವ್ರೆ. ಕಾಸ್ತೆಲ್ಲೆತ್ತೋ ಅನ್ನೋ ಜಾಗಕ್ಕೆ ಲಿಫ್ಟಲ್ಲಿ ಹೋದ್ರೆ ಪೂರ್ತಿ ಊರು, ಸಮುದ್ರ ಎಲ್ಲ ಕಾಣ್ತದಂತೆ. ಒಂದು ಮೆಟ್ಟಿಲೂ ಹತ್ತದೆ ಊರ ನೆತ್ತಿ ಮೇಲೆ ನಿಲ್ಬೋದು.

ನೇಪಲ್ಸ್ ಬಗ್ಗೆ ವಸಿ ಜಾಸ್ತಿ ಹೇಳ್ಬೇಕು. ಅಲ್ಲಿಂದ ಪಾಂಪೇ ಹತ್ರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿ ಬೂದಿಲಿ ಹೂತುಹೋದ ಊರು ಅದು. ರೊಟ್ಟಿ ಅಂಗಡಿ, ಬೀಸೋ ಕಲ್ಲು, ಒಲೆ ಎಲ್ಲ ಇದ್ದಂಗೇ ಸಿಕ್ಕವೆ. ನಮ್ಮ ರಾಗಿ ಕಲ್ಲಿನಂಗೆ ಕೈಲಿ ಬೀಸೋದಲ್ಲ, ಆಳೆತ್ತರದ ಕಲ್ಲು, ಕತ್ತೆ ಕಟ್ಟಿ ತಿರುಗಿಸ್ತಿದ್ದದ್ದು. ನನಗೆ ಅದನ್ನ ನೋಡೋ ಆಸೆ ಬಾಳ ಇತ್ತು. ಆದ್ರೆ ಬೀದಿ ಪೂರ್ತಿ ಎತ್ತರ ತಗ್ಗಿನ ಕಲ್ಲು ಹಾಸು, ನೆರಳಿಲ್ಲ. ಅಕ್ಕನಿಗೆ ಆಗಲ್ಲ.

ಆಗ ಮಗಳು ಇನ್ನೊಂದು ವಿಷಯ ಹೇಳಿದ್ಲು. ಪಾಂಪೇಲಿ ಅಗೆದಾಗ 1938ರಲ್ಲಿ ಒಂದು ಮನೇಲಿ ನಮ್ಮ ದೇಶದ ಒಂದು ಬೊಂಬೆ ಸಿಕ್ತಂತೆ. ಆನೆದಂತದ್ದು, ಒಂದು ಗೇಣಿಗಿಂತ ವಸಿ ಎತ್ತರ, ಮೈತುಂಬ ಒಡವೆ, ಎರಡು ಪಕ್ಕದಲ್ಲೂ ಪುಟ್ಟ ಸೇವಕಿಯರು. ಮೊದಲು ಲಕ್ಷ್ಮಿ ಅಂದ್ರು, ಈಗ ತಿಳಿದೋರು ಯಕ್ಷಿ ಇರ್ಬೇಕು ಅಂತಾರೆ. ಹೆಸರು ಮಾತ್ರ ಪಾಂಪೇ ಲಕ್ಷ್ಮಿ ಅಂತಲೇ ಉಳ್ಕೊಂಡದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ವ್ಯಾಪಾರದೋರು ಹಡಗಲ್ಲಿ ತಗೊಂಡು ಹೋಗಿರ್ಬೇಕು. ನಮ್ಮ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿದ್ದೂ 1938ರಲ್ಲೇ. ಇಲ್ಲಿ ನಮ್ಮೋರು ಬಾವುಟ ಏರಿಸಿದ ವರ್ಷವೇ ಅಲ್ಲಿ ಆ ತಾಯಿ ಮಣ್ಣಿಂದ ಮೇಲೆದ್ದವ್ಳೆ. ಈಗ ಅವಳನ್ನ ನೇಪಲ್ಸ್ ಪೇಟೆ ಒಳಗಿರೋ ದೊಡ್ಡ ಮ್ಯೂಸಿಯಮ್ಮಲ್ಲಿ ಇಟ್ಟವ್ರೆ, ಬಂದರಿಂದ ಟ್ಯಾಕ್ಸಿಲಿ ಹೋದ್ರೆ ಸಾಕು.

ಇದನ್ನ ಅಕ್ಕನಿಗೆ ಹೇಳ್ದೆ. ಅವರೆಕಾಯಿ ಬಿಡಿಸ್ತಾ ಕುಂತಿತ್ತು. ವಸಿ ಹೊತ್ತು ಸುಮ್ನಿದ್ದು, "ಲಕ್ಷ್ಮಮ್ಮನೇ ಅಲ್ಲಿಗಂಟ ಓಗವ್ಳಾ? ಅಂಗಾದ್ರೆ ಅಲ್ಲಿಗೆ ನಾನೂ ಇಳೀತೀನಿ ಬುಡು" ಅಂತು. ಅದಾಗಿ ಅಡಗಲ್ಲೇ ಕುಂತಿರ್ತೀನಿ ಅನ್ನೋ ಮಾತು ಮತ್ತೆ ಬರ್ಲಿಲ್ಲ.

ಆ ಮ್ಯೂಸಿಯಂ ಮಂಗಳವಾರ ಬಾಗಿಲು ಹಾಕಿರ್ತದೆ. ನಮಗೆ ಎರಡು ಹಡಗು ನೋಡಿದ್ರು, ಶನಿವಾರ ಹೊರಡೋದು ಅಗ್ಗ, ಆದ್ರೆ ಅದು ನೇಪಲ್ಸ್ ಮುಟ್ಟೋದು ಮಂಗಳವಾರ. ಭಾನುವಾರ ಹೊರಡೋದು ಬುಧವಾರ ಮುಟ್ತದೆ. ವಸಿ ದುಡ್ಡು ಜಾಸ್ತಿ ಆದ್ರೂ ಭಾನುವಾರದ್ದೇ ತಗೊಂಡ್ವಿ. ಯಾವ ಊರಿಗೇ ಹೋಗಿ, ನೋಡ್ಬೇಕಾದ ಜಾಗಕ್ಕೆ ರಜ ಯಾವತ್ತು ಅಂತ ಟಿಕೆಟ್ಟಿಗೆ ಮುಂಚೆ ಕೇಳ್ಕೊಳಿ. ಅವತ್ತು ನಮ್ಮೆಜಮಾನ್ರು, ಅಳಿಯಂದ್ರು ಹಡಗಿನೋರ ಬಸ್ಸಲ್ಲಿ ಪಾಂಪೇಗೆ. ನಾನು, ಅಕ್ಕ, ಮಗಳು ಮ್ಯೂಸಿಯಮ್ಮಿಗೆ. ಬೀಸೋ ಕಲ್ಲಿನ ಫೋಟೋ ತೆಗೆದುಕೊಂಡು ಬರೋ ಜವಾಬ್ದಾರಿ ಅಳಿಯಂದ್ರದ್ದು.

ಮೆಸ್ಸೀನಾದಲ್ಲಿ ಬಂದರಿಂದ ನಡ್ಕೊಂಡು ಹೋಗೋ ದೂರದಲ್ಲೇ ಚರ್ಚಿನ ಗಡಿಯಾರದ ಗೋಪುರ. 1933ರದ್ದು. ಮಧ್ಯಾಹ್ನ 12ಕ್ಕೆ ಸರಿಯಾಗಿ ಅದರಲ್ಲಿರೋ ಸಿಂಹ ಗರ್ಜಿಸ್ತದೆ, ಹುಂಜ ರೆಕ್ಕೆ ಬಡಿದು ಕೂಗ್ತದೆ. "ನಮ್ಮಟ್ಟಿ ಉಂಜ ದಿನಾ ಕೂಗ್ತದೆ, ಅದುಕ್ಕೆ ಟಿಕೆಟ್ ಇಲ್ಲ" ಅಂತ ಅಕ್ಕ. ವಲೆಟ್ಟಾದಲ್ಲಿ ಬಂದರಿನ ಹತ್ರದಿಂದ ಕೋಟೆ ಮೇಲಿನ ತೋಟಕ್ಕೆ 58 ಮೀಟರ್ ಎತ್ತರದ ಲಿಫ್ಟ್ ಅದೆ, ಮಧ್ಯಾಹ್ನ ಅಲ್ಲಿ ಫಿರಂಗಿ ಹೊಡೀತಾರೆ. ಇಂಗ್ಲಿಷು ನಡೀತದೆ. ಅಲ್ಲಿನ ದೊಡ್ಡ ಚರ್ಚಿಗೆ ಭುಜ ಮುಚ್ಚೋ ಬಟ್ಟೆ ಬೇಕು. ಸೀರೆ ಸೆರಗು ಹೊದ್ದೋರಿಗೆ ಅದೇನು ಕಷ್ಟ?

ಊಟದ ವಿಚಾರ. ರೂಮಲ್ಲಿ ನೀರು ಕಾಯಿಸೋ ಕೆಟಲ್ಲು, ಕುಕ್ಕರು ಏನೂ ತಗೊಂಡು ಹೋಗೋ ಹಂಗಿಲ್ಲ, ಬೆಂಕಿ ಭಯಕ್ಕೆ ಕಿತ್ಕೋತಾರೆ. ಹಾಲು, ತುಪ್ಪ, ಮಾಂಸದ ಪದಾರ್ಥ ಇಲ್ಲಿಂದ ಯುರೋಪಿಗೆ ಒಯ್ಯಂಗಿಲ್ಲ. ಅದಕ್ಕೇ ರಾಗಿ ಹುರಿಹಿಟ್ಟು, ಚಟ್ನಿಪುಡಿ, ನಿಪ್ಪಟ್ಟು, ಮದ್ದೂರು ವಡೆ. ಹುರಿಹಿಟ್ಟಿಗೆ ಬಿಸಿನೀರು ಸಾಕು, ಅದನ್ನ ಹಡಗಿನ ಊಟದ ಮನೇಲೇ ಕೇಳ್ಬೋದು. ನಮ್ಮೆಜಮಾನ್ರ ಸಕ್ಕರೆ ಕಾಯಿಲೆ ಮಾತ್ರೆ, ಅಕ್ಕನ ಮಂಡಿ ಮಾತ್ರೆ ಕೈಚೀಲದಲ್ಲೇ, ಡಾಕ್ಟ್ರ ಚೀಟಿ ಸಮೇತ. ದಡಕ್ಕಿಳಿದಾಗ ಹೊತ್ತಿಗೆ ಸರಿಯಾಗಿ ತಿನ್ನೋದು, ಚರ್ಚು ಕಾಯ್ತದೆ, ಸಕ್ಕರೆ ಕಾಯಲ್ಲ. ಸಮುದ್ರದ ಮಧ್ಯೆ ಫೋನ್ ಹಚ್ಚಿಟ್ರೆ ಬಿಲ್ಲು ಗದ್ದೆ ಮಾರೋ ಹಂಗೆ ಬರ್ತದಂತೆ, ಏರೋಪ್ಲೇನ್ ಗುರುತು ಒತ್ತಿಟ್ಕೊಳ್ಳೋದು.

ಇನ್ನೊಂದು ಮಾತು ಅದೆ. "ಗಂಡ ಓದ ಮೂರು ವರ್ಷಕ್ಕೆ ಅಡಗು ಬೇಕಿತ್ತಾ" ಅಂತ ಅಕ್ಕನ ಬೆನ್ನ ಹಿಂದೆ ಆಡ್ಕೊಂಡಿದ್ದು ನನ್ನ ಕಿವಿಗೂ ಬಿದ್ದದೆ, ಅಕ್ಕನ ಕಿವಿಗೂ ಬಿದ್ದದೆ. ಇದನ್ನ ಓದೋರಲ್ಲೂ ಅಂದೋರು ಇರ್ಬೋದು, ಜಗಳಕ್ಕೆ ಹೇಳ್ತಿಲ್ಲ. ಅಕ್ಕನ ಟಿಕೆಟ್ಟಿಗೆ ಮಗಳು ಕೊಡ್ತೀನಿ ಅಂದ್ಲು, ಅಕ್ಕನ ಮಕ್ಕಳೂ ಅಂದ್ರು. ಅಕ್ಕ ಯಾರ್ದೂ ತಗೊಳ್ಲಿಲ್ಲ. ಎರಡು ಹಸ ಕಟ್ಕೊಂಡು, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಿ, ಆ ದುಡ್ಡನ್ನ ಒಂದು ಕಡೆ ಇಟ್ಟಿತ್ತು. ಬಾವನೋರು ಮಲಗಿದ್ದಾಗ ಎರಡು ವರ್ಷ ರಾತ್ರಿ ಹಗಲು ನೋಡ್ಕೊಂಡಿದ್ದೂ ಈ ಮಂಡಿಲೇ. ಎಡೆ ಇಕ್ಕೋ ಹೊತ್ತಿಗೆ ಊರಲ್ಲಿರ್ಬೇಕು ಅಂತ ದಿನ ಎಣಿಸಿದ್ದೂ ಅಕ್ಕನೇ. ಅಷ್ಟು ಹೇಳಿದ್ರೆ ಸಾಕು.

ವೀಸಾ ಬಂದು ಪಾಸ್‌ಪೋರ್ಟು ಬೀರುವಲ್ಲಿ ಅವೆ. ಅಕ್ಕ ದಿನಾ ಸಂಜೆ ಊರ ಬಾಗಿಲ ತನಕ ನಡೆದು ಬತ್ತದೆ, ಮಂಡಿಗೆ ಬೆಲ್ಟ್ ಹಾಕ್ಕೊಂಡು. ಇಪ್ಪತ್ತೆರಡು ದಿನ ಹಾಲು ಕರೆಯೋಕೆ ಪಕ್ಕದ ಮನೆಯೋಳು ಒಪ್ಪವ್ಳೆ. ಹಸ ಇನ್ನೂ ಒಪ್ಪಿಲ್ಲ, ಅವಳ ಕೈಗೆ ಒದೀತದೆ. ಅದಕ್ಕೇ ಈಗಿಂದ್ಲೇ ದಿನಕ್ಕೊಂದು ಹೊತ್ತು ಅವಳ ಕೈಲೇ ಕರೆಸ್ತಾ ಇದೀವಿ.