ಬೀಗ ಬಿದ್ದ ಓಣಿ

ವಿಜಯಪುರ ಸೀಮೆಯದು ಒಣಚಳಿ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಆದರೆ 1972ರ ಬರಗಾಲದ ಆ ಚಳಿಗಾಲವು ಬಾಲಕನೊಬ್ಬನ ನೆನಪಿನಲ್ಲಿ ಉಳಿದುದು ಓಣಿಯ ಮೌನದಿಂದ. ಜೋಳದ ಬೆಳೆ ಕೈಕೊಟ್ಟಿತ್ತು. ಅರ್ಧ ಓಣಿ ಗುಳೆ ಹೋಗಿತ್ತು. ಕೌದಿ ಹೊದ್ದು, ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತು ಆತನು ಬಾಗಿಲುಗಳ ಬೀಗ ಎಣಿಸುತ್ತಿದ್ದನು. ಅಜ್ಜಿಯಾದರೋ ದಿನವೂ ಎದುರುಮನೆಯ ಅಂಗಳವನ್ನೂ ಗುಡಿಸುವಳು. ಸಾರಣೆಗೆ ನೀರೆಲ್ಲಿಯದು? ಕಸಬರಿಗೆಯೊಂದೇ.

ಭೋಗಿಯಂದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಹಿಂದೆಲ್ಲ ಮನೆಮನೆಗೂ ಹೋಗುತ್ತಿತ್ತು. ಆ ಸಲ ಎರಡೇ ಮನೆಗೆ ಹೋಯಿತು.

“ಎದುರುಮನಿಯವರ ಪಾಲು?” ಎಂದು ಬಾಲಕನು ಕೇಳಿದನು.

“ಬರ್ತಾರ, ತೆಗೆದಿಡು” ಎಂದಳು ಅಜ್ಜಿ. ಕಟಕ ರೊಟ್ಟಿ ಬೇಗ ಕೆಡುವುದಿಲ್ಲವೆಂಬುದೇನೋ ನಿಜ.

1973ರ ಮಳೆಗೆ ಕೆಲವು ಬೀಗಗಳು ತೆರೆದವು. ಎದುರುಮನೆಯದು ತೆರೆಯಲಿಲ್ಲ.